ವಾಹನಗಳ ಬ್ಯಾಟರಿ: ಸುರಕ್ಷಿತ ಪರೀಕ್ಷೆ ಮತ್ತು ಚಾರ್ಜಿಂಗ್ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದ್ವಿಚಕ್ರ ವಾಹನ, ಆಟೋರಿಕ್ಷಾ, ಕಾರು, ಟ್ರ್ಯಾಕ್ಟರ್ ಹಾಗೂ ಸರಕು ಸಾಗಣೆ ವಾಹನಗಳ ಎಂಜಿನ್ ಚಾಲನೆಗೆ, ದೀಪ, ಹಾರ್ನ್ ಮತ್ತು ವೈಪರ್‌ಗಳ ಕಾರ್ಯನಿರ್ವಹಣೆಗೆ ಬ್ಯಾಟರಿಯು ಆಧಾರವಾಗಿರುತ್ತದೆ. ಅರ್ಹತಾ ಪತ್ರದ (ಎಫ್.ಸಿ.) ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಿದಾಗ ಇವೆಲ್ಲವೂ ಸುಸ್ಥಿತಿಯಲ್ಲಿರಬೇಕು. ಬ್ಯಾಟರಿಯು ದುರ್ಬಲವಾಗಿದ್ದಲ್ಲಿ ದೀಪದ ಬೆಳಕು ಮಂದವಾಗುವುದು, ಹಾರ್ನ್ ಕ್ಷೀಣಿಸುವುದು ಮುಂತಾದ ನ್ಯೂನತೆಗಳು ಕಂಡುಬರುತ್ತವೆ.

ಬ್ಯಾಟರಿ ಇಳಿದುಹೋದ ಕೂಡಲೇ ಅದನ್ನು ಚಾರ್ಜರಿಗೆ ಜೋಡಿಸಿ ರಾತ್ರಿಯಿಡೀ ಬಿಡುವ ರೂಢಿ ಅನೇಕ ಕಡೆ ಇದೆ. ಇದು ಅಪಾಯಕಾರಿಯಾದ ಪದ್ಧತಿ. ದೋಷಯುಕ್ತ ಬ್ಯಾಟರಿಯನ್ನು ಪರೀಕ್ಷಿಸದೆ ಚಾರ್ಜ್ ಮಾಡಿದಲ್ಲಿ ಅದು ಬಿಸಿಯಾಗಿ ಸಿಡಿಯುವ ಹಾಗೂ ಅದರೊಳಗಿನ ಆಮ್ಲವು ಕಣ್ಣು ಮತ್ತು ಮುಖದ ಮೇಲೆ ಚಿಮ್ಮುವ ಸಂಭವವಿರುತ್ತದೆ. ಆದುದರಿಂದ ಮೊದಲು ಪರೀಕ್ಷೆ, ಅನಂತರ ಚಾರ್ಜಿಂಗ್ ಎಂಬ ಕ್ರಮವನ್ನು ವಾಹನ ಮಾಲೀಕರು, ಚಾಲಕರು ಮತ್ತು ಬ್ಯಾಟರಿ ಅಂಗಡಿಗಳವರು ತಪ್ಪದೇ ಪಾಲಿಸತಕ್ಕದ್ದು.

2. ಬ್ಯಾಟರಿಯ ರಚನೆ ಮತ್ತು ಅಪಾಯದ ಮೂಲ

2.1 ವಾಹನಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. ಇದರಲ್ಲಿ 6 ಸೆಲ್‌ಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಪೂರ್ಣ ಚಾರ್ಜ್ ಆದ ಪ್ರತಿ ಸೆಲ್ ಸುಮಾರು 2.1 ವೋಲ್ಟ್ ನೀಡುತ್ತದೆ. ಸೆಲ್‌ಗಳ ಒಳಗೆ ಸೀಸದ ಫಲಕಗಳೂ ನೀರಿನೊಂದಿಗೆ ಬೆರೆತ ಗಂಧಕಾಮ್ಲವೂ (ಸಲ್ಫ್ಯೂರಿಕ್ ಆಸಿಡ್) ಇರುತ್ತವೆ.

2.2 ಚಾರ್ಜಿಂಗ್ ಕೊನೆಯ ಹಂತಕ್ಕೆ ಬಂದಾಗ, ಅಂದರೆ ಬ್ಯಾಟರಿಯ ವೋಲ್ಟೇಜ್ ಸುಮಾರು 14.4 ವೋಲ್ಟ್ ಮುಟ್ಟಿದಾಗ, ಆಮ್ಲದಲ್ಲಿರುವ ನೀರು ವಿಭಜನೆಗೊಂಡು ಜಲಜನಕ ಮತ್ತು ಆಮ್ಲಜನಕ ಅನಿಲಗಳು ಹೆಚ್ಚಾಗಿ ಹೊರಬರುತ್ತವೆ. ಗಾಳಿಯಲ್ಲಿ ಜಲಜನಕದ ಪ್ರಮಾಣವು ಶೇಕಡಾ 4ನ್ನು ಮೀರಿದಲ್ಲಿ ಒಂದು ಸಣ್ಣ ಕಿಡಿಯಿಂದಲೂ ಸ್ಫೋಟ ಸಂಭವಿಸಬಹುದು. ಕ್ಲಿಪ್ ಸಿಕ್ಕಿಸುವಾಗ ಹಾರುವ ಕಿಡಿ, ಬೀಡಿ-ಸಿಗರೇಟಿನ ಕೆಂಡ ಅಥವಾ ಸ್ಪ್ಯಾನರ್ ತಗುಲಿ ಉಂಟಾಗುವ ಕಿಡಿ ಇದಕ್ಕೆ ಸಾಕಾಗುತ್ತದೆ.

2.3 ಆರು ಸೆಲ್‌ಗಳ ಪೈಕಿ ಒಂದರಲ್ಲಿ ಒಳಗಿನ ಫಲಕಗಳು ಒಂದಕ್ಕೊಂದು ತಾಗಿ ಆ ಸೆಲ್ ಸತ್ತುಹೋಗಿದ್ದಲ್ಲಿ, ಉಳಿದ ಐದು ಸೆಲ್‌ಗಳ ಕಾರಣ ಬ್ಯಾಟರಿಯು ಸುಮಾರು 10.5 ವೋಲ್ಟ್ ಮಾತ್ರ ತೋರಿಸುತ್ತದೆ. ಸಾಮಾನ್ಯ ಚಾರ್ಜರ್ ಇದನ್ನು ಇಳಿದ ಬ್ಯಾಟರಿ ಎಂದು ಪರಿಗಣಿಸಿ 14.4 ವೋಲ್ಟಿನವರೆಗೆ ಏರಿಸಲು ಯತ್ನಿಸುತ್ತಲೇ ಇರುತ್ತದೆ. ಆಗ ಆರು ಸೆಲ್‌ಗಳು ಹಂಚಿಕೊಳ್ಳಬೇಕಾದ ಒತ್ತಡವು ಐದು ಸೆಲ್‌ಗಳ ಮೇಲೆ ಬಿದ್ದು, ಪ್ರತಿ ಸೆಲ್‌ಗೆ 2.4ರ ಬದಲು 2.88 ವೋಲ್ಟಿನಷ್ಟು ಒತ್ತಡ ಉಂಟಾಗುತ್ತದೆ. ಆಮ್ಲವು ಕುದಿಯುವಂತೆ ಗುಳ್ಳೆಯೇಳುತ್ತದೆ, ಕವಚವು ಉಬ್ಬುತ್ತದೆ ಮತ್ತು ಅನಿಲವು ಅಪಾಯಕರ ಪ್ರಮಾಣದಲ್ಲಿ ಶೇಖರಣೆಯಾಗುತ್ತದೆ. ಚಾರ್ಜಿಂಗ್‌ಗೆ ಮುನ್ನ ಪರೀಕ್ಷೆ ಕಡ್ಡಾಯವೆನ್ನಲು ಇದೇ ಮುಖ್ಯ ಕಾರಣ.

3. ಡಯಾಗ್ನಾಸ್ಟಿಕ್ ಚಾರ್ಜರ್

3.1 ಬ್ಯಾಟರಿಯ ಸ್ಥಿತಿಯನ್ನು ಮೊದಲು ಪರೀಕ್ಷಿಸಿ, ಫಲಿತಾಂಶಕ್ಕೆ ಅನುಗುಣವಾಗಿ ಚಾರ್ಜ್ ಮಾಡುವ ಅಥವಾ ಚಾರ್ಜ್ ಮಾಡಲು ನಿರಾಕರಿಸುವ ಉಪಕರಣಕ್ಕೆ ಡಯಾಗ್ನಾಸ್ಟಿಕ್ ಚಾರ್ಜರ್ ಎಂದು ಹೆಸರು. ಇದು ಬ್ಯಾಟರಿಯೊಳಗೆ ಅಲ್ಪ ಪ್ರಮಾಣದ ವಿದ್ಯುತ್ ಸಂಕೇತವನ್ನು ಹರಿಸಿ, ಫಲಕಗಳು ಎಷ್ಟು ಸುಲಭವಾಗಿ ವಿದ್ಯುತ್ತನ್ನು ಸಾಗಿಸುತ್ತವೆ ಎಂಬುದನ್ನು ಅಳೆಯುತ್ತದೆ. ಫಲಕಗಳು ಸವೆದಂತೆ ಈ ಸಾಮರ್ಥ್ಯವು ಕುಂದುತ್ತದೆ.

3.2 ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸಗಳು ಈ ಕೆಳಕಂಡಂತಿವೆ:

(ಅ) ತುದಿಗಳು ಅದಲುಬದಲಾಗಿ ಜೋಡಣೆಯಾದಲ್ಲಿ ವಿದ್ಯುತ್ ಹರಿಯುವುದಿಲ್ಲ.
(ಆ) ಬ್ಯಾಟರಿ ಇಳಿದಿರುವಾಗ ಹೆಚ್ಚು ಕರೆಂಟ್, ತುಂಬುತ್ತಾ ಬಂದಂತೆ ಕಡಿಮೆ ಕರೆಂಟ್, ತುಂಬಿದ ಬಳಿಕ ಸ್ಥಿತಿ ಕಾಯ್ದುಕೊಳ್ಳಲು ಬೇಕಾದಷ್ಟು ಮಾತ್ರ ಎಂಬಂತೆ ಹಂತ ಹಂತವಾಗಿ ಚಾರ್ಜ್ ಮಾಡುತ್ತದೆ.
(ಇ) ನಿಗದಿತ ಅವಧಿಯೊಳಗೆ ವೋಲ್ಟೇಜ್ ಏರದಿದ್ದಲ್ಲಿ ದೋಷವೆಂದು ಸೂಚಿಸಿ ತಾನಾಗಿಯೇ ನಿಲ್ಲುತ್ತದೆ.

3.3 ಉಪಕರಣವು ಎಷ್ಟೇ ಸುಧಾರಿತವಾಗಿದ್ದರೂ, ಬಳಸುವವರು ನಮೂದಿಸುವ ವಿವರಗಳು ತಪ್ಪಾಗಿದ್ದಲ್ಲಿ ಫಲಿತಾಂಶವೂ ತಪ್ಪಾಗುತ್ತದೆ ಎಂಬುದನ್ನು ಗಮನದಲ್ಲಿಡತಕ್ಕದ್ದು.

4. ಪರೀಕ್ಷೆಗೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

(1) ಎಂಜಿನ್, ದೀಪ ಮತ್ತು ಇತರೆ ಉಪಕರಣಗಳನ್ನು ನಿಲ್ಲಿಸಿ, ಕೀಲಿಯನ್ನು ಹೊರತೆಗೆಯುವುದು.
(2) ಕೈಗೆ ತೊಟ್ಟಿರುವ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದಿಡುವುದು. ಇವು ಎರಡು ತುದಿಗಳ ನಡುವೆ ತಗುಲಿದಲ್ಲಿ ಕ್ಷಣಮಾತ್ರದಲ್ಲಿ ಕೆಂಪಗೆ ಕಾದು ಸುಟ್ಟಗಾಯಗಳಾಗುತ್ತವೆ.
(3) ಸುರಕ್ಷಾ ಕನ್ನಡಕ ಮತ್ತು ರಬ್ಬರ್ ಕೈಗವಸು ಧರಿಸುವುದು. ಸಾಮಾನ್ಯ ಕನ್ನಡಕವು ಪಕ್ಕದಿಂದ ಚಿಮ್ಮುವ ಆಮ್ಲವನ್ನು ತಡೆಯುವುದಿಲ್ಲ.
(4) ಗಾಳಿ ಚೆನ್ನಾಗಿ ಆಡುವ ಸ್ಥಳದಲ್ಲಿ ಮಾತ್ರ ಕೆಲಸ ಮಾಡುವುದು. ಮಲಗುವ ಕೋಣೆ, ಅಡುಗೆಮನೆ, ದೇವರ ದೀಪ ಉರಿಯುವ ಸ್ಥಳ ಅಥವಾ ಮುಚ್ಚಿದ ಗ್ಯಾರೇಜಿನಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡಕೂಡದು.
(5) ಒಂದು ಬಕೆಟ್ ಶುದ್ಧ ನೀರು ಮತ್ತು ಅಡುಗೆ ಸೋಡಾವನ್ನು ಕೈಗೆಟಕುವಂತೆ ಇರಿಸಿಕೊಳ್ಳುವುದು.
(6) ಕವಚದಲ್ಲಿ ಬಿರುಕು, ಉಬ್ಬು, ಆಮ್ಲದ ಸೋರಿಕೆ ಅಥವಾ ಸಡಿಲಗೊಂಡ ತುದಿಗಳು ಇವೆಯೇ ಎಂದು ಕಣ್ಣಾರೆ ನೋಡುವುದು. ಇದ್ದಲ್ಲಿ ಮುಂದಿನ ಪರೀಕ್ಷೆ ಅನಗತ್ಯ. ಅಂತಹ ಬ್ಯಾಟರಿಯನ್ನು ಚಾರ್ಜ್ ಮಾಡದೆ ಬದಲಾಯಿಸತಕ್ಕದ್ದು.
(7) ತುದಿಗಳ ಮೇಲೆ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿಕೊಂಡಿದ್ದಲ್ಲಿ, ಸೆಲ್‌ಗಳ ಮುಚ್ಚಳಗಳು ಭದ್ರವಾಗಿವೆ ಎಂದು ಖಚಿತಪಡಿಸಿಕೊಂಡು, ಸೋಡಾ ಬೆರೆಸಿದ ನೀರಿನಿಂದ ತೊಳೆದು ಒರೆಸುವುದು. ಸೋಡಾ ನೀರು ಸೆಲ್‌ನ ಒಳಗೆ ಹೋಗಕೂಡದು.

5. ಪರೀಕ್ಷೆಯ ವಿಧಾನ

5.1 ವೋಲ್ಟೇಜ್ ಪರೀಕ್ಷೆ: ವಾಹನ ಓಡಿದ ಅಥವಾ ಚಾರ್ಜ್ ಆದ ತಕ್ಷಣ ಅಳೆದಲ್ಲಿ ವೋಲ್ಟೇಜ್ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದುದರಿಂದ ಕೆಲವು ಗಂಟೆಗಳ ಕಾಲ, ಸಾಧ್ಯವಿದ್ದಲ್ಲಿ ಒಂದು ರಾತ್ರಿ, ವಿಶ್ರಾಂತಿ ನೀಡಿ ಮಲ್ಟಿಮೀಟರ್‌ನಿಂದ ಅಳೆಯತಕ್ಕದ್ದು. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗೆ ಅಂದಾಜು ಮಟ್ಟಗಳು ಹೀಗಿವೆ:

12.6 ವೋಲ್ಟ್ ಮತ್ತು ಮೇಲ್ಪಟ್ಟು – ಪೂರ್ಣ ಚಾರ್ಜ್
12.4 ವೋಲ್ಟ್ – ಸುಮಾರು ಮುಕ್ಕಾಲು ಭಾಗ
12.2 ವೋಲ್ಟ್ – ಸುಮಾರು ಅರ್ಧ ಭಾಗ
12.0 ವೋಲ್ಟ್ – ಸುಮಾರು ಕಾಲು ಭಾಗ
11.8 ವೋಲ್ಟ್ ಮತ್ತು ಕೆಳಗೆ – ಬಹುತೇಕ ಖಾಲಿ

ವೋಲ್ಟೇಜ್ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಇದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಬ್ಯಾಟರಿಯು ಎಷ್ಟು ಆರೋಗ್ಯವಾಗಿದೆ ಎಂಬುದನ್ನು ತಿಳಿಸುವುದಿಲ್ಲ. 12.6 ವೋಲ್ಟ್ ತೋರಿಸುವ ಹಳೆಯ ಬ್ಯಾಟರಿಯೂ ಎಂಜಿನ್ ತಿರುಗಿಸುವ ವೇಳೆ ಕೈಕೊಡಬಹುದು.

5.2 ಹೈಡ್ರೋಮೀಟರ್ ಪರೀಕ್ಷೆ: ಮುಚ್ಚಳ ತೆರೆಯಲು ಬರುವ ಬ್ಯಾಟರಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಪ್ರತಿ ಸೆಲ್‌ನಿಂದ ಆಮ್ಲವನ್ನು ಹೀರಿ ಸಾಂದ್ರತೆಯನ್ನು ಓದಿ, ಅದೇ ಸೆಲ್‌ಗೆ ಮರಳಿ ಬಿಡುವುದು. ಪೂರ್ಣ ಚಾರ್ಜ್ ಆದ ವಾಹನದ ಬ್ಯಾಟರಿಯಲ್ಲಿ ಇದು ಸಾಮಾನ್ಯವಾಗಿ 1.240ರಿಂದ 1.280ರ ನಡುವೆ ಇರುತ್ತದೆ. ನಿಖರ ಅಂಕಿಯನ್ನು ತಯಾರಕರ ಕೈಪಿಡಿಯಲ್ಲಿ ನೋಡತಕ್ಕದ್ದು. ಒಂದು ಸೆಲ್‌ನ ಅಂಕಿಯು ಉಳಿದವುಗಳಿಗಿಂತ 0.050ರಷ್ಟು ಕಡಿಮೆ ಇದ್ದಲ್ಲಿ ಆ ಸೆಲ್ ದೋಷಯುಕ್ತವೆಂದು ಭಾವಿಸಬಹುದು.

5.3 ಡಯಾಗ್ನಾಸ್ಟಿಕ್ ಪರೀಕ್ಷೆ: ಉಪಕರಣವು ಕೇಳುವ ಈ ಮೂರು ವಿವರಗಳನ್ನು ಬ್ಯಾಟರಿಯ ಮೇಲಿನ ಚೀಟಿಯನ್ನು ನೋಡಿಯೇ ನಮೂದಿಸತಕ್ಕದ್ದು:

(ಅ) ಬ್ಯಾಟರಿಯ ಬಗೆ – ಸಾಮಾನ್ಯ ದ್ರವ ಆಮ್ಲ, ಎಜಿಎಂ, ಜೆಲ್ ಇತ್ಯಾದಿ.
(ಆ) ಎಂಜಿನ್ ತಿರುಗಿಸುವ ಸಾಮರ್ಥ್ಯ – ಸಿಸಿಎ ಎಂದು ಆಂಪಿಯರ್‌ಗಳಲ್ಲಿ ಮುದ್ರಿತವಾಗಿರುತ್ತದೆ.
(ಇ) ಆ ಸಾಮರ್ಥ್ಯವನ್ನು ಅಳೆದ ಮಾನದಂಡ – ಎಸ್‌ಎಇ, ಇಎನ್, ಡಿಐಎನ್ ಅಥವಾ ಜೆಐಎಸ್.

ಒಂದೇ ಬ್ಯಾಟರಿಗೆ ಡಿಐಎನ್ ಅಂಕಿಯು ಇಎನ್ ಅಂಕಿಗಿಂತ ಗಣನೀಯವಾಗಿ ಕಡಿಮೆ ಇರುತ್ತದೆ. ಡಿಐಎನ್ ಅಂಕಿಯನ್ನು ಇಎನ್ ಎಂದು ನಮೂದಿಸಿದಲ್ಲಿ ಸವೆದ ಬ್ಯಾಟರಿಯು ಉತ್ತಮವೆಂದೂ, ಇದಕ್ಕೆ ವಿರುದ್ಧವಾಗಿ ನಮೂದಿಸಿದಲ್ಲಿ ಉತ್ತಮ ಬ್ಯಾಟರಿಯು ಕೆಟ್ಟದ್ದೆಂದೂ ತೋರುವ ಸಾಧ್ಯತೆ ಇದೆ. ಹೊಸ ಬ್ಯಾಟರಿ ಕೊಳ್ಳಲು ಅಂಗಡಿಯವರು ಸಲಹೆ ನೀಡಿದಲ್ಲಿ, ನಮೂದಿಸಿದ ಅಂಕಿ ಮತ್ತು ಮಾನದಂಡವನ್ನು ಗ್ರಾಹಕರು ಖುದ್ದಾಗಿ ಪರಿಶೀಲಿಸಿಕೊಳ್ಳುವುದು ಸೂಕ್ತ.

ಕ್ಲಿಪ್‌ಗಳು ಸೀಸದ ತುದಿಯನ್ನೇ ಬಿಗಿಯಾಗಿ ಹಿಡಿದಿರಬೇಕು. ತುಕ್ಕು ಹಿಡಿದ ಬೋಲ್ಟಿಗೆ ಸಿಕ್ಕಿಸಿದಲ್ಲಿ ಫಲಿತಾಂಶವು ನಂಬಲರ್ಹವಾಗುವುದಿಲ್ಲ.

5.4 ಲೋಡ್ ಪರೀಕ್ಷೆ: ಕನಿಷ್ಠ ಮುಕ್ಕಾಲು ಭಾಗ ಚಾರ್ಜ್ ಇರುವ ಬ್ಯಾಟರಿಗೆ ಸಿಸಿಎ ಅಂಕಿಯ ಅರ್ಧದಷ್ಟು ಹೊರೆಯನ್ನು 15 ಸೆಕೆಂಡುಗಳ ಕಾಲ ನೀಡಿದಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದಲ್ಲಿ ಬ್ಯಾಟರಿಯು ದುರ್ಬಲವೆಂದು ಅರ್ಥ. ಈ ಪರೀಕ್ಷೆಯನ್ನು ತರಬೇತಿ ಹೊಂದಿದವರು ಮಾತ್ರ ಮಾಡತಕ್ಕದ್ದು.

6. ಫಲಿತಾಂಶವನ್ನು ಅರ್ಥೈಸುವ ಬಗೆ

"ಉತ್ತಮ" – ಬ್ಯಾಟರಿಯನ್ನು ಬಳಸಬಹುದು.
"ಉತ್ತಮ, ಚಾರ್ಜ್ ಮಾಡಿ" – ಬ್ಯಾಟರಿ ಚೆನ್ನಾಗಿದೆ, ಇಳಿದಿದೆ. ಚಾರ್ಜ್ ಮಾಡಿ ಬಳಸಬಹುದು.
"ಚಾರ್ಜ್ ಮಾಡಿ ಮರುಪರೀಕ್ಷಿಸಿ" – ಚಾರ್ಜ್ ತೀರಾ ಕಡಿಮೆ ಇರುವುದರಿಂದ ತೀರ್ಮಾನ ಸಾಧ್ಯವಿಲ್ಲ. ಈ ಹಂತದಲ್ಲಿ ಬ್ಯಾಟರಿಯನ್ನು ಕೆಟ್ಟದ್ದೆಂದು ನಿರ್ಧರಿಸಕೂಡದು.
"ಬದಲಾಯಿಸಿ" – ತುದಿಗಳನ್ನು ಸ್ವಚ್ಛಗೊಳಿಸಿ, ವಾಹನದ ತಂತಿಗಳಿಂದ ಬಿಡಿಸಿ, ಇನ್ನೊಮ್ಮೆ ಪರೀಕ್ಷಿಸುವುದು. ಮತ್ತೆ ಅದೇ ಫಲಿತಾಂಶ ಬಂದಲ್ಲಿ ಬದಲಾಯಿಸುವುದು.
"ಸೆಲ್ ದೋಷ" – ಚಾರ್ಜ್ ಮಾಡಕೂಡದು.

ಬ್ಯಾಟರಿಯು ಉತ್ತಮವೆಂದು ಕಂಡುಬಂದರೂ ಪದೇ ಪದೇ ಇಳಿಯುತ್ತಿದ್ದಲ್ಲಿ ದೋಷವು ವಾಹನದಲ್ಲಿರಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆ ಇದ್ದಲ್ಲಿ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್‌ನಲ್ಲಿ ದೋಷ ಇರುವ ಸಂಭವವಿದೆ. ಹೊಸ ಬ್ಯಾಟರಿಯ ವೆಚ್ಚಕ್ಕೆ ಮುಂದಾಗುವ ಮೊದಲು ಇದನ್ನು ನೋಡಿಸುವುದು ಲಾಭಕರ.

7. ಚಾರ್ಜ್ ಮಾಡುವ ಕ್ರಮ

(1) ಚಾರ್ಜರ್ ಐಎಸ್ಐ ಗುರುತುಳ್ಳ ಮೂರು ಪಿನ್ನಿನ ಪ್ಲಗ್ ಹೊಂದಿದ್ದಲ್ಲಿ ಭೂ ಸಂಪರ್ಕವಿರುವ ಸಾಕೆಟ್‌ಗೇ ಜೋಡಿಸುವುದು. ತೇಪೆ ಹಾಕಿದ ತಂತಿಯನ್ನಾಗಲಿ, ಪ್ಲಗ್ ಇಲ್ಲದೆ ಸಾಕೆಟ್‌ಗೆ ತುರುಕಿದ ತಂತಿಯನ್ನಾಗಲಿ ಬಳಸಕೂಡದು.

(2) ಬ್ಯಾಟರಿಯನ್ನು ವಾಹನದಿಂದ ಬಿಡಿಸುವಾಗ ಮೊದಲು ಋಣ (–) ತುದಿಯನ್ನು, ಅನಂತರ ಧನ (+) ತುದಿಯನ್ನು ಬಿಚ್ಚುವುದು. ಮರಳಿ ಜೋಡಿಸುವಾಗ ಮೊದಲು ಧನ ತುದಿ, ಕೊನೆಗೆ ಋಣ ತುದಿ. ಋಣ ತುದಿ ಜೋಡಣೆಯಾಗಿರುವಾಗ ಧನ ತುದಿಯನ್ನು ಬಿಚ್ಚುತ್ತಿರುವ ಸ್ಪ್ಯಾನರ್ ವಾಹನದ ಲೋಹಕ್ಕೆ ತಗುಲಿದರೆ ದೊಡ್ಡ ಕಿಡಿ ಉಂಟಾಗುವುದೇ ಈ ಕ್ರಮಕ್ಕೆ ಕಾರಣ.

(3) ದ್ರವ ಆಮ್ಲದ ಬ್ಯಾಟರಿಯಲ್ಲಿ ಫಲಕಗಳು ಮುಳುಗಿವೆಯೇ ಎಂದು ನೋಡುವುದು. ಫಲಕಗಳು ಹೊರಗೆ ಕಾಣುತ್ತಿದ್ದಲ್ಲಿ ಮುಳುಗುವಷ್ಟು ಮಾತ್ರ ಬಟ್ಟಿ ಇಳಿಸಿದ ನೀರನ್ನು (ಡಿಸ್ಟಿಲ್ಡ್ ವಾಟರ್) ಹಾಕಿ, ಪೂರ್ಣ ಮಟ್ಟಕ್ಕೆ ಚಾರ್ಜ್ ಮುಗಿದ ಮೇಲೆಯೇ ತುಂಬುವುದು. ಮೊದಲೇ ತುಂಬಿದಲ್ಲಿ ಚಾರ್ಜಿಂಗ್ ವೇಳೆ ಆಮ್ಲ ಉಕ್ಕಿ ಹರಿಯುತ್ತದೆ. ನಲ್ಲಿ ನೀರು, ಕೊಳವೆ ಬಾವಿಯ ನೀರು ಅಥವಾ ಹೆಚ್ಚುವರಿ ಆಮ್ಲವನ್ನು ಹಾಕಕೂಡದು.

(4) ಚಾರ್ಜರ್‌ನ ಸ್ವಿಚ್ ಆರಿಸಿರುವಾಗಲೇ ಕ್ಲಿಪ್‌ಗಳನ್ನು ಜೋಡಿಸುವುದು. ಮೊದಲು ಕೆಂಪು ಕ್ಲಿಪ್ಪನ್ನು ಧನ ತುದಿಗೆ, ಅನಂತರ ಕಪ್ಪು ಕ್ಲಿಪ್ಪನ್ನು ಋಣ ತುದಿಗೆ ಸಿಕ್ಕಿಸುವುದು. ಬ್ಯಾಟರಿ ವಾಹನದಲ್ಲಿಯೇ ಇದ್ದಲ್ಲಿ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ಮತ್ತು ಇಂಧನ ಕೊಳವೆಯಿಂದ ದೂರವಿರುವ ಬಣ್ಣವಿಲ್ಲದ ಲೋಹದ ಭಾಗಕ್ಕೆ ಸಿಕ್ಕಿಸುವುದು. ಅನಂತರವೇ ಸ್ವಿಚ್ ಹಾಕುವುದು.

(5) ಚಾರ್ಜಿಂಗ್ ಕರೆಂಟ್ ಬ್ಯಾಟರಿಯ ಆಂಪಿಯರ್-ಗಂಟೆ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟಿರುವುದು ಸುರಕ್ಷಿತ. 35 ಆಂಪಿಯರ್-ಗಂಟೆಯ ಕಾರಿನ ಬ್ಯಾಟರಿಗೆ ಸುಮಾರು 3.5 ಆಂಪಿಯರ್, 5 ಆಂಪಿಯರ್-ಗಂಟೆಯ ಮೋಟಾರ್ ಸೈಕಲ್ ಬ್ಯಾಟರಿಗೆ ಸುಮಾರು 0.5 ಆಂಪಿಯರ್. ಕಾರಿನ ಚಾರ್ಜರಿಗೆ ಮೋಟಾರ್ ಸೈಕಲ್ ಬ್ಯಾಟರಿಯನ್ನು ಜೋಡಿಸುವುದು ಅಪಾಯಕಾರಿ. ಅರ್ಧ ಇಳಿದಿರುವ 35 ಆಂಪಿಯರ್-ಗಂಟೆಯ ಬ್ಯಾಟರಿ ತುಂಬಲು ಈ ಲೆಕ್ಕದಲ್ಲಿ 6ರಿಂದ 7 ಗಂಟೆ ಬೇಕಾಗುತ್ತದೆ.

(6) ಚಾರ್ಜರ್‌ನಲ್ಲಿ ಬ್ಯಾಟರಿಯ ಬಗೆಯನ್ನು ಸರಿಯಾಗಿ ಆರಿಸುವುದು. ಜೆಲ್ ಬ್ಯಾಟರಿಗೆ ದ್ರವ ಆಮ್ಲದ ಬ್ಯಾಟರಿಗಿಂತ ಕಡಿಮೆ ವೋಲ್ಟೇಜ್ ಬೇಕಾಗುತ್ತದೆ. ಹೆಚ್ಚು ವೋಲ್ಟೇಜ್ ನೀಡಿದಲ್ಲಿ ಒಳಗೆ ಅನಿಲ ತುಂಬಿ, ಮರಳಿ ಸರಿಪಡಿಸಲಾಗದಂತೆ ಹಾಳಾಗುತ್ತದೆ.

(7) ಚಾರ್ಜಿಂಗ್ ವೇಳೆ ಆಗಾಗ್ಗೆ ಗಮನಿಸುತ್ತಿರುವುದು. ಕವಚವು ಕೈ ಇಡಲಾರದಷ್ಟು ಬಿಸಿಯಾದಲ್ಲಿ, ಕೊಳೆತ ಮೊಟ್ಟೆಯ ವಾಸನೆ ಬಂದಲ್ಲಿ ಅಥವಾ ಕವಚ ಉಬ್ಬಿದಲ್ಲಿ, ಕ್ಲಿಪ್ಪನ್ನು ಮುಟ್ಟದೆ, ಗೋಡೆಯ ಸ್ವಿಚ್ ಆರಿಸಿ, ಬಾಗಿಲು-ಕಿಟಕಿ ತೆರೆದು ಎಲ್ಲರೂ ದೂರ ಸರಿಯುವುದು.

(8) ಮುಗಿದ ಬಳಿಕ ಮೊದಲು ಸ್ವಿಚ್ ಆರಿಸಿ, ಕಪ್ಪು ಕ್ಲಿಪ್ಪನ್ನು, ಅನಂತರ ಕೆಂಪು ಕ್ಲಿಪ್ಪನ್ನು ತೆಗೆಯುವುದು.

8. ಈ ವಿಧಾನ ಅನ್ವಯಿಸದ ಬ್ಯಾಟರಿಗಳು

ವಿದ್ಯುತ್ ಚಾಲಿತ ದ್ವಿಚಕ್ರ ವಾಹನ ಮತ್ತು ಕಾರುಗಳನ್ನು ಓಡಿಸುವ ಲಿಥಿಯಂ ಬ್ಯಾಟರಿಗಳಿಗೆ ಮೇಲ್ಕಂಡ ವಿಧಾನ ಅನ್ವಯಿಸುವುದಿಲ್ಲ. ಅವುಗಳನ್ನು ತಯಾರಕರು ನೀಡಿದ ಅಥವಾ ಅನುಮೋದಿಸಿದ ಚಾರ್ಜರ್‌ನಿಂದ ಮಾತ್ರ ಚಾರ್ಜ್ ಮಾಡತಕ್ಕದ್ದು. ಕಾರುಗಳಲ್ಲಿನ ಇಂತಹ ಬ್ಯಾಟರಿಗಳಲ್ಲಿ ನೂರಾರು ವೋಲ್ಟ್ ಇರುವುದರಿಂದ ಮನೆಯಲ್ಲಿ ಬಿಚ್ಚುವುದು ಪ್ರಾಣಾಪಾಯಕಾರಿ. ನೀರಿನಲ್ಲಿ ಮುಳುಗಿದ, ಕೆಳಗೆ ಬಿದ್ದು ಜಖಂಗೊಂಡ ಅಥವಾ ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮನೆಯೊಳಗೆ ಇರಿಸಕೂಡದು.

9. ಅವಘಡ ಸಂಭವಿಸಿದಲ್ಲಿ

(ಅ) ಕಣ್ಣಿಗೆ ಆಮ್ಲ ಬಿದ್ದಲ್ಲಿ: ರೆಪ್ಪೆಗಳನ್ನು ಅಗಲಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 15 ನಿಮಿಷಗಳ ಕಾಲ ಎಡೆಬಿಡದೆ ಸುರಿಯುವುದು. ಅನಂತರ ವಿಳಂಬವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯುವುದು. ಕಣ್ಣು ಉಜ್ಜುವುದು, ಹಾಲು, ಎಣ್ಣೆ ಅಥವಾ ಸೋಡಾ ಹಾಕುವುದು ಕೂಡದು. ಮೊದಲ ಕೆಲವು ನಿಮಿಷಗಳಲ್ಲಿ ಸುರಿದ ನೀರೇ ದೃಷ್ಟಿಯನ್ನು ಉಳಿಸಬಲ್ಲದು.
(ಆ) ಚರ್ಮದ ಮೇಲೆ ಬಿದ್ದಲ್ಲಿ: ಆಮ್ಲ ತಗುಲಿದ ಬಟ್ಟೆಯನ್ನು ತೆಗೆದು ಹೇರಳವಾದ ನೀರಿನಿಂದ ತೊಳೆಯುವುದು.
(ಇ) ನೆಲದ ಮೇಲೆ ಚೆಲ್ಲಿದಲ್ಲಿ: ಅಡುಗೆ ಸೋಡಾ ಉದುರಿಸಿ, ಗುಳ್ಳೆ ನಿಂತ ಮೇಲೆ ನೀರಿನಿಂದ ತೊಳೆಯುವುದು.
(ಈ) ಆಂಬ್ಯುಲೆನ್ಸ್‌ಗಾಗಿ 108 ಹಾಗೂ ಇತರೆ ತುರ್ತು ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡುವುದು.

10. ಬ್ಯಾಟರಿ ಚಾರ್ಜಿಂಗ್ ಅಂಗಡಿ ನಡೆಸುವವರಿಗೆ

ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯಿಂದ ವ್ಯಾಪಾರ ಪರವಾನಗಿಯನ್ನು, ಆಯಾ ಪ್ರದೇಶದ ವಿದ್ಯುತ್ ಸರಬರಾಜು ಕಂಪನಿಯಿಂದ ಉದ್ದೇಶಕ್ಕೆ ತಕ್ಕ ವಿದ್ಯುತ್ ಸಂಪರ್ಕವನ್ನು ಪಡೆದುಕೊಳ್ಳತಕ್ಕದ್ದು. ಗೃಹಬಳಕೆಯ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ 126ನೇ ಪ್ರಕರಣದನ್ವಯ ಅನಧಿಕೃತ ಬಳಕೆಯಾಗುತ್ತದೆ ಮತ್ತು ಅನ್ವಯಿಸುವ ದರದ ಎರಡರಷ್ಟು ಶುಲ್ಕ ವಿಧಿಸಲು ಅವಕಾಶವಿದೆ. ಜಲಜನಕವು ಗಾಳಿಗಿಂತ ಹಗುರವಾದುದರಿಂದ ಛಾವಣಿಯ ಸಮೀಪ ಗಾಳಿಕಿಂಡಿಗಳಿರಬೇಕು. ಚಾರ್ಜಿಂಗ್ ನಡೆಯುವ ಕೋಣೆಯಲ್ಲಿ ವೆಲ್ಡಿಂಗ್ ಮಾಡಕೂಡದು.

11. ಖಾತರಿ (ವಾರಂಟಿ) ಮತ್ತು ದೂರು ಸಲ್ಲಿಕೆ

ಖರೀದಿ ಬಿಲ್ಲು, ದಿನಾಂಕ ಹಾಗೂ ಮೊಹರು ಇರುವ ಖಾತರಿ ಚೀಟಿ ಮತ್ತು ಬ್ಯಾಟರಿಯ ಕ್ರಮಸಂಖ್ಯೆಯನ್ನು ಕಾಪಾಡಿಕೊಳ್ಳತಕ್ಕದ್ದು. ಖಾತರಿ ಅವಧಿಯಲ್ಲಿ ಪರೀಕ್ಷೆಗೆ ನೀಡಿದಾಗ ಫಲಿತಾಂಶದ ಮುದ್ರಿತ ಪ್ರತಿಯನ್ನು ಅಥವಾ ಸಹಿಯುಳ್ಳ ಬರಹವನ್ನು ಕೇಳಿ ಪಡೆಯುವುದು. "ಬದಲಾಯಿಸಿ" ಅಥವಾ "ಸೆಲ್ ದೋಷ" ಎಂಬ ಫಲಿತಾಂಶ ಬಂದಿದ್ದೂ ಖಾತರಿಯಂತೆ ಬದಲಾಯಿಸಿಕೊಡಲು ನಿರಾಕರಿಸಿದಲ್ಲಿ ಈ ಪ್ರತಿಯು ಸಾಕ್ಷ್ಯವಾಗುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿಗೆ ಕಾರಣವುಂಟಾದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳವರೆಗೆ ಇರುವ ದೂರುಗಳಿಗೆ ಶುಲ್ಕವಿರುವುದಿಲ್ಲ.

12. ಹಳೆಯ ಬ್ಯಾಟರಿಯನ್ನು ಹಿಂತಿರುಗಿಸುವುದು

ಸೀಸ-ಆಮ್ಲ ಬ್ಯಾಟರಿಯ ತೂಕದ ಅರ್ಧಕ್ಕೂ ಹೆಚ್ಚು ಭಾಗ ಸೀಸ ಮತ್ತು ಅದರ ಸಂಯುಕ್ತಗಳಿಂದ ಕೂಡಿರುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ರಕ್ತದಲ್ಲಿ ಸೀಸದ ಸುರಕ್ಷಿತ ಮಟ್ಟ ಎಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಹಿತ್ತಲಿನಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವುದರಿಂದ ಅದರ ಹೊಗೆ ಮತ್ತು ಧೂಳು ಮನೆಯ ಅಂಗಳದಲ್ಲಿಯೇ ಉಳಿದುಬಿಡುತ್ತದೆ.

2001ರ ನಿಯಮಗಳ ಬದಲಿಗೆ ಆಗಸ್ಟ್ 2022ರಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿರಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗೆ ತಲುಪಿಸುವುದು ಬಳಕೆದಾರರ ಹೊಣೆ. ಬ್ಯಾಟರಿಗಳನ್ನು ಹಿಂಪಡೆದು ಸಂಸ್ಕರಣೆಗೆ ಕಳುಹಿಸುವುದು ಉತ್ಪಾದಕರ ಹೊಣೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಮಾರಾಟಗಾರರಿಗೆ ಒಪ್ಪಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳುವುದು ಸರಳ ಮಾರ್ಗ. ಆಮ್ಲವನ್ನು ಚರಂಡಿಗೆ ಸುರಿದು ಬ್ಯಾಟರಿಯನ್ನು ಮಾರಕೂಡದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಗಿದೆ. ಬ್ಯಾಟರಿಗೆ ಏನು ಮಾಡಬೇಕು?
ಉತ್ತರ: ಪೂರ್ಣ ಚಾರ್ಜ್ ಮಾಡಿ, ಋಣ ತುದಿಯನ್ನು ಬಿಚ್ಚಿಡುವುದು. ಬಳಸದಿದ್ದರೂ ಬ್ಯಾಟರಿ ತಾನಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ತಿಂಗಳಿಗೊಮ್ಮೆ ಅಳೆದು, 12.4 ವೋಲ್ಟಿಗಿಂತ ಕಡಿಮೆಯಾದಲ್ಲಿ ಚಾರ್ಜ್ ಮಾಡುವುದು. ಇಳಿದ ಸ್ಥಿತಿಯಲ್ಲಿಯೇ ಬಿಟ್ಟಲ್ಲಿ ಫಲಕಗಳ ಮೇಲೆ ಗಟ್ಟಿಯಾದ ಸಲ್ಫೇಟ್ ಪದರ ಕಟ್ಟಿ ಸಾಮರ್ಥ್ಯ ನಶಿಸುತ್ತದೆ.

ಪ್ರಶ್ನೆ: ಚಾರ್ಜರ್ "ಬ್ಯಾಟರಿ ಇಲ್ಲ" ಎಂದು ತೋರಿಸುತ್ತದೆ. ಬೇರೆ ಬ್ಯಾಟರಿಯನ್ನು ಜೊತೆಗೆ ಜೋಡಿಸಿ ಚಾರ್ಜರ್ ಚಾಲೂ ಮಾಡಬಹುದೇ?
ಉತ್ತರ: ಮಾಡಕೂಡದು. ತೀರಾ ಇಳಿದ ಬ್ಯಾಟರಿಯಲ್ಲಿ ದೋಷವಿರುವ ಸಂಭವ ಹೆಚ್ಚು. ಮೊದಲು ಕ್ಲಿಪ್‌ಗಳ ಬಿಗಿಯನ್ನು ಪರಿಶೀಲಿಸಿ, ಅನಂತರ ಅನುಭವಿ ತಂತ್ರಜ್ಞರ ಬಳಿ ಪರೀಕ್ಷೆ ಮಾಡಿಸುವುದು.

ಪ್ರಶ್ನೆ: ಸಲ್ಫೇಟ್ ತೆಗೆಯುವ ಸೌಲಭ್ಯದಿಂದ ಹಳೆಯ ಬ್ಯಾಟರಿ ಹೊಸದಾಗುತ್ತದೆಯೇ?
ಉತ್ತರ: ಇಲ್ಲ. ಸ್ವಲ್ಪ ಕಾಲ ಇಳಿದ ಸ್ಥಿತಿಯಲ್ಲಿದ್ದ ಬ್ಯಾಟರಿಗೆ ಒಂದಿಷ್ಟು ಅನುಕೂಲವಾಗಬಹುದು. ಸವೆದ ಫಲಕಗಳನ್ನಾಗಲಿ, ಸತ್ತ ಸೆಲ್ಲನ್ನಾಗಲಿ ಯಾವ ಚಾರ್ಜರ್ ಸಹ ಸರಿಪಡಿಸಲಾರದು.

ಗಮನಿಸಿ: ಮೇಲ್ಕಂಡ ಅಂಕಿಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಇವೆ. ವಾಹನ, ಬ್ಯಾಟರಿ ಮತ್ತು ಚಾರ್ಜರ್ ತಯಾರಕರ ಕೈಪಿಡಿಯಲ್ಲಿ ಭಿನ್ನ ಸೂಚನೆ ಇದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.